ಕಂಚಿನ ಕಂಠಕ್ಕೆ ಎಂಥಾ ಕಿವಿ

ಪಿ.ಜೆ. ಬಡಾವಣೆಯ ನಮ್ಮ ಮನೆಯಲ್ಲಿ ಅಂಗೈಯಗಲದ ಎರಡು ಡಬ್ಬಿಗಳಿವೆ. ಒಂದು ಟೀವಿ ಕೆಳಗಿನ ಡ್ರಾದಲ್ಲಿ ಬಿದ್ದಿರುತ್ತದೆ. ಅದರಲ್ಲಿರುವುದು ಅಪ್ಪನ ಕಿವಿ ಮಷಿನ್. ಇನ್ನೊಂದು ನನ್ನ ಬ್ಯಾಗಿನ ಸಣ್ಣ ಖಾನೆಯಲ್ಲಿ. ಅದರಲ್ಲಿ ನನ್ನ ಇಯರ್‌ಫೋನು. ಅಪ್ಪ ತಮ್ಮ ಡಬ್ಬಿಯನ್ನು ಮದುವೆ, ಬ್ಯಾಂಕಿನ ಕೆಲಸ ಇಂಥವಿದ್ದಾಗ ಮಾತ್ರ ತೆಗೆಯುತ್ತಾರೆ. ನಾನು ದಿನವೂ ತೆಗೆಯುತ್ತೇನೆ, ಹೆವಿ ಮೆಟಲ್ ಕೇಳಲಿಕ್ಕೆ.

ರಾಮ್ ಅಂಡ್ ಕೋ ಸರ್ಕಲ್ಲಿನಲ್ಲಿ ಮಂಡಕ್ಕಿ ಮಿರ್ಚಿ ತಿನ್ನುವಾಗ ಸಿಗುವ ಇಂಜಿನಿಯರಿಂಗ್ ಹುಡುಗರು, ನನ್ನ ಟೀ ಶರ್ಟಿನ ಮೇಲಿನ ಐರನ್ ಮೇಡನ್ ಭೂತವನ್ನು ನೋಡಿ ಒಂದು ಪ್ರಶ್ನೆ ಕೇಳುತ್ತಾರೆ. 'ಸರ್, ಮೆಟಲ್‌ಗೆ ಯಾವ ಐಇಎಂ ಬೆಸ್ಟು?' ಇನ್-ಇಯರ್ ಮಾನಿಟರ್ ಎಂಬುದನ್ನು ಈಗ ಎಲ್ಲರೂ ಐಇಎಂ ಎಂದೇ ಕರೆಯುವುದು. ಸ್ಟೇಜಿನ ಮೇಲೆ ಹಾಡುವವರು ತಮ್ಮ ದನಿ ತಮಗೆ ಕೇಳಲೆಂದು ಕಿವಿಯ ಕಾಲುವೆಯೊಳಗೆ ತುರುಕಿಕೊಳ್ಳುತ್ತಿದ್ದ ಈ ಸಾಧನ ಇವತ್ತು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ವಿದ್ಯಾರ್ಥಿಗಳ ಕೈಗೂ ಬಂದಿದೆ. ಒಂದು ಹೆಸರು ಹೇಳಿ ಕಳಿಸಿದರೆ ಹುಡುಗರು ಖುಷಿಯಾಗಿ ಹೋಗುತ್ತಾರೆ. ಆದರೆ ನಾನು ಹೆಸರು ಹೇಳುವ ಮೊದಲು ತಡವರಿಸುತ್ತೇನೆ. ಯಾಕೆ ಎಂದು ಬರೆಯುವುದಕ್ಕೆ ಇಷ್ಟು ಜಾಗ ಬೇಕಾಯಿತು.

ಮೆಟಲ್ ಹುಟ್ಟಿದ್ದು ಕಾರ್ಖಾನೆಯ ಊರಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೋಮಿ ಎಂಬ 17 ವರ್ಷದ ಹುಡುಗ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ನಡುಬೆರಳು ಮತ್ತು ಉಂಗುರದ ಬೆರಳಿನ ತುದಿಗಳನ್ನು ಕೊಟ್ಟ. ಅವನು ಎಡಚ, ತಂತಿ ಒತ್ತುವ ಕೈಯೇ ಹೋಯಿತು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಅದಕ್ಕೆ ಚರ್ಮ ಅಂಟಿಸಿದ, ಒತ್ತಲು ಹಗುರವಾಗಲೆಂದು ತೆಳು ತಂತಿ ಹಾಕಿದ, ಮುಂದೆ ಶ್ರುತಿಯನ್ನೇ ಕೆಳಗಿಳಿಸಿದ. 1970ರಲ್ಲಿ ಬಂದ ಬ್ಲ್ಯಾಕ್ ಸಬ್ಬತ್‌ನ ಮೊದಲ ಆಲ್ಬಮ್ಮಿಗೂ 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಗೂ ಇರುವ ತೂಕದ ವ್ಯತ್ಯಾಸದಲ್ಲಿ ಆ ಇಳಿಸಿದ ಶ್ರುತಿಯ ಪಾಲಿದೆ. ಅದೇ ಸೀಮೆಯ ಜೂಡಾಸ್ ಪ್ರೀಸ್ಟ್ 1980ರ ತಮ್ಮ ಆಲ್ಬಮ್ಮಿಗೆ ಇಟ್ಟ ಹೆಸರು 'ಬ್ರಿಟಿಷ್ ಸ್ಟೀಲ್'. ಅದರ ಒಂದು ಹಾಡಿನಲ್ಲಿ ಲೋಹದ ಮನುಷ್ಯರು ನಡೆಯುವ ಸದ್ದು ಬೇಕಾದಾಗ ಅವರು ಅಡುಗೆಮನೆಯ ಚಮಚ, ಫೋರ್ಕುಗಳ ಟ್ರೇಯನ್ನೇ ಕುಲುಕಿ ರೆಕಾರ್ಡ್ ಮಾಡಿಕೊಂಡರು.

ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರಿನವನಿಗೆ ಇದೆಲ್ಲ ದೂರದ ಕಥೆ ಅನ್ನಿಸುವುದಿಲ್ಲ. ಇತ್ತ ದಾವಣಗೆರೆಯಲ್ಲಿ ಕಾಟನ್ ಮಿಲ್ಲುಗಳು, ಅತ್ತ ಹರಿಹರದಲ್ಲಿ ಕಿರ್ಲೋಸ್ಕರ್ ಲೇತುಗಳು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಲೇತಿನ ಕಾರ್ಖಾನೆಯೂ ನಿಂತಿತು. ಅಪ್ಪ ಒಂದು ಮಿಲ್ಲಿನ ನೇಯ್ಗೆ ವಿಭಾಗದಲ್ಲಿ ಇಪ್ಪತ್ತು ವರ್ಷ ನಿಂತವರು. ಅಲ್ಲಿ ಮಾತಾಡಿದರೆ ಪಕ್ಕದವನಿಗೂ ಕೇಳುತ್ತಿರಲಿಲ್ಲವಂತೆ. ಕೈಸನ್ನೆ, ತುಟಿಯ ಚಲನೆ, ಅಷ್ಟೇ. ಆದರೆ ಅವರು ಹೇಳುತ್ತಿದ್ದ ಇನ್ನೊಂದು ಮಾತನ್ನು ನಾನು ಮೆಟಲ್ ಕೇಳಲು ಶುರು ಮಾಡಿದ ಮೇಲಷ್ಟೇ ಅರ್ಥ ಮಾಡಿಕೊಂಡೆ. 'ಅಷ್ಟು ಮಗ್ಗದಾಗ ಯಾವ್ದೋ ಒಂದ್ರಾಗ ನೂಲು ಹರದ್ರ ಗೊತ್ತಾಗತಿತ್ತಲೇ. ಸಪ್ಪಳ ಬದ್ಲಾಗತೈತಿ.' ಹೊರಗಿನವನಿಗೆ ಅದು ಬರೀ ಗದ್ದಲ. ಒಳಗಿದ್ದವನಿಗೆ ಪ್ರತಿ ಮಗ್ಗಕ್ಕೂ ಒಂದೊಂದು ದನಿ.

ಮೆಟಲ್ಲಿಗೆ ಇಯರ್‌ಫೋನ್ ಆರಿಸುವಾಗ ನಾನು ಇಟ್ಟುಕೊಂಡಿರುವ ಅಳತೆಯೂ ಇದೇ. ಎಲ್ಲ ಮಗ್ಗಗಳೂ ಒಟ್ಟಿಗೆ ಓಡುತ್ತಿರುವಾಗ ಒಂದು ಮಗ್ಗದ ದನಿ ನನಗೆ ಸಿಗಬೇಕು.

ನಾನು ಕೊಂಡ ಮೊದಲ ಇಯರ್‌ಫೋನು ಈ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಹೆಸರು ಬೇಡ, ಆ ಬಗೆಯವು ನೂರಾರಿವೆ. ಕೆಳಗಿನ ಬೇಸು ಎತ್ತಿ, ಮೇಲಿನ ಟ್ರೆಬಲ್ಲೂ ಎತ್ತಿ, ನಡುವನ್ನು ತಗ್ಗಿಸಿದ ಮಾಲು. ಗ್ರಾಫಿನಲ್ಲಿ ಇಂಗ್ಲಿಷಿನ ವಿ ಅಕ್ಷರದಂತೆ ಕಾಣುವುದರಿಂದ ಅದಕ್ಕೆ ವಿ ಶೇಪ್ ಎನ್ನುತ್ತಾರೆ. 'ರಾಕ್ ಮತ್ತು ಮೆಟಲ್ಲಿಗೆ ಹೇಳಿ ಮಾಡಿಸಿದ್ದು' ಎಂಬ ಶಿಫಾರಸು ಹೆಚ್ಚಾಗಿ ಸಿಗುವುದು ಇಂಥವಕ್ಕೇ. ಮೊದಲ ಐದು ನಿಮಿಷ ರೋಮಾಂಚನ. ಡ್ರಮ್ಮು ಎದೆಗೆ ಗುದ್ದುತ್ತದೆ, ಸಿಂಬಲ್ಲುಗಳು ಮಿನುಗುತ್ತವೆ. ಹತ್ತನೆಯ ನಿಮಿಷಕ್ಕೆ ಏನೋ ಕಳೆದಿದೆ ಅನ್ನಿಸುತ್ತದೆ. ಕಳೆದಿರುವುದು ಗಿಟಾರ್.

ಈ ಸಂಗೀತದ ಜೀವ ಇರುವುದು ನಡುವಿನಲ್ಲಿ. ಗಿಟಾರಿನ ಅತಿ ಕೆಳಗಿನ ತಂತಿ ಮಾಮೂಲಿ ಶ್ರುತಿಯಲ್ಲಿ 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಗಿಟಾರ್ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರು 5,000 ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಎಷ್ಟೇ ಕರ್ಕಶ ಎಂದು ಬೈಸಿಕೊಂಡರೂ ಮೆಟಲ್ ಗಿಟಾರಿನ ಕರ್ಕಶತೆಯೆಲ್ಲ ಈ ಎರಡು ಗಡಿಗಳ ನಡುವೆಯೇ ನಡೆಯುತ್ತದೆ. ಕೂಗುವ ಗಂಟಲೂ ಅಲ್ಲೇ. ಕಾಲಿನ ಡ್ರಮ್ಮಿನ ಗುದ್ದು 60–80 ಹರ್ಟ್ಸ್‌ನ ಸುತ್ತ ಇದ್ದರೂ, ಚರ್ಮಕ್ಕೆ ತಾಗಿದ 'ಟಿಕ್' ಇರುವುದು 3,000–5,000ರ ಹತ್ತಿರ. ಆ ಟಿಕ್ ಇಲ್ಲದಿದ್ದರೆ ವೇಗದ ಡಬಲ್ ಬೇಸ್ ಡ್ರಮ್ಮು ಹೊಡೆತಗಳಾಗಿ ಕೇಳದೆ ದೂರದ ಲಾರಿಯಂತೆ ಗುರುಗುಟ್ಟುತ್ತದೆ. ಜೊತೆಗೆ ಕೇಳ್ಮೆಯ ಒಂದು ಗುಣವಿದೆ: ಜೋರಾದ ತಗ್ಗಿನ ಸದ್ದು ತನಗಿಂತ ಮೇಲಿನ ಸದ್ದುಗಳನ್ನು ಮುಚ್ಚಿಹಾಕುತ್ತದೆ, ಮೇಲಿನದು ತಗ್ಗಿನದನ್ನು ಅಷ್ಟಾಗಿ ಮುಚ್ಚುವುದಿಲ್ಲ. ಒಂದು ತಬಲಾ, ಒಂದು ದನಿ ಇರುವ ಭಾವಗೀತೆಗೆ ಹೆಚ್ಚಿನ ಬೇಸು ಬಂದರೂ ನಡೆದೀತು. ಅಲ್ಲಿ ಖಾಲಿ ಜಾಗವಿದೆ. ಮೆಟಲ್ಲಿನಲ್ಲಿ ಖಾಲಿ ಜಾಗವೇ ಇಲ್ಲ. ಗಿಟಾರಿನ ಸ್ವರವನ್ನು ಒಡೆದಾಗ ಹುಟ್ಟುವ ಉಪಸ್ವರಗಳು ಇದ್ದಬದ್ದ ಜಾಗವನ್ನೆಲ್ಲ ತುಂಬಿಬಿಡುತ್ತವೆ. ಅದರ ಮೇಲೆ ಇನ್ನಷ್ಟು ಬೇಸು ಸುರಿಯುವುದೆಂದರೆ ತುಂಬಿದ ಬಸ್ಸಿಗೆ ಇನ್ನೊಂದು ಗೋಣಿಚೀಲ ಹತ್ತಿಸಿದ ಹಾಗೆ.

ಇಯರ್‌ಫೋನುಗಳ ವಿಮರ್ಶೆಗಳ ಮೇಲೆ ನನಗಿರುವ ತಕರಾರು ಇಲ್ಲಿಂದಲೇ ಶುರು. ವಿಮರ್ಶಕರು ಹೆಚ್ಚಾಗಿ ಪರೀಕ್ಷೆಗೆ ಹಾಕುವುದು ಒಬ್ಬ ಗಾಯಕಿಯ ಮೆಲುದನಿ, ಒಂದು ಜಾಝ್ ತ್ರಯ, ಅಕೂಸ್ಟಿಕ್ ಗಿಟಾರು. ಕೊನೆಗೆ 'ಮೆಟಲ್ಲಿಗೂ ಚೆನ್ನಾಗಿದೆ' ಎಂದು ಒಂದು ಸಾಲು ಸೇರಿಸುತ್ತಾರೆ. ನವೋದಯದ ಭಾವಗೀತೆಯ ಅಳತೆಗೋಲು ಹಿಡಿದು ಬಂಡಾಯದ ಕಾವ್ಯಕ್ಕೆ ಬಂದವರು ಹೀಗೇ ಮಾಡುತ್ತಿದ್ದರು: 'ಬರೀ ಕೂಗು' ಅನ್ನುವುದು, ಇಲ್ಲವೇ 'ಕೂಗಿದ್ದರೂ ಕಾವ್ಯಗುಣ ಇದೆ' ಎಂದು ಬೆನ್ನು ತಟ್ಟುವುದು. ಕೂಗಿನ ಒಳಗಡೆಯ ಕಟ್ಟಡ ನೋಡುವವರು ಕಡಿಮೆ. ಕನ್ನಡಕ್ಕೆ ಈ ವಿಷಯದಲ್ಲಿ ಮುಜುಗರ ಬೇಕಿಲ್ಲ. ಗಟ್ಟಿ ದನಿಯವರನ್ನು ನಾವು 'ಕಂಚಿನ ಕಂಠ' ಎಂದು ಹೊಗಳುವವರು. ಮೆಟಲ್ ಎಂಬ ಮಾತು ನಮ್ಮ ನುಡಿಗಟ್ಟಿನಲ್ಲಿ ಮೊದಲೇ ಇತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು ಇದು. ಕಂಪನಿ ನಾಟಕದ ನಟರಿಗೆ ಕೊನೆಯ ಸಾಲಿನ ಚಾಪೆಯವನಿಗೂ ಮಾತು ತಲುಪಿಸುವ ಗಂಟಲು ಬೇಕಿತ್ತು. ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹಾನಗಲ್ಲರ ಘನವಾದ ದನಿ ಕೇಳಿದ ಕಿವಿಗಳು 'ಹೆಣ್ಣುದನಿ ಹೀಗಿರಬೇಕು' ಎಂಬ ಲೆಕ್ಕವನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು. ಡೊಳ್ಳು, ಹಲಗೆ, ಸಮಾಳದ ವಿಷಯ ಹೇಳುವುದೇ ಬೇಡ.

ಹಾಗಾದರೆ ಪರೀಕ್ಷೆಗೆ ಏನು ಹಾಕಬೇಕು? ನಾನು ಮೊದಲು ಹಾಕುವುದು ಸ್ಲೇಯರ್‌ನ 'ರೇನ್ ಇನ್ ಬ್ಲಡ್', 1986ರದು. ಇಡೀ ಆಲ್ಬಮ್ ಅರ್ಧ ಗಂಟೆಯೂ ಇಲ್ಲ. ನಿರ್ಮಾಪಕ ರಿಕ್ ರೂಬಿನ್ ಅದಕ್ಕೆ ಗುಂಯ್‌ಗುಟ್ಟುವ ಪ್ರತಿಧ್ವನಿಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಒಣ ರೆಕಾರ್ಡಿಂಗು. ಆ ವೇಗದಲ್ಲಿ ಪ್ರತಿಧ್ವನಿ ಇದ್ದಿದ್ದರೆ ಒಂದು ಹೊಡೆತದ ಬಾಲ ಇನ್ನೊಂದರ ತಲೆಯನ್ನು ನುಂಗುತ್ತಿತ್ತು. ಡೇವ್ ಲೊಂಬಾರ್ಡೋನ ಎರಡು ಕಾಲುಗಳ ಹೊಡೆತಗಳನ್ನು ಬಿಡಿಬಿಡಿಯಾಗಿ ಎಣಿಸಲು ಆಗದಿದ್ದರೆ ಆ ಇಯರ್‌ಫೋನು ನನ್ನ ಪಾಲಿಗೆ ಮುಗಿಯಿತು. ಆಮೇಲೆ 1983ರ ಐರನ್ ಮೇಡನ್, 'ಪೀಸ್ ಆಫ್ ಮೈಂಡ್'. ಸ್ಟೀವ್ ಹ್ಯಾರಿಸ್ ಬೇಸ್ ಗಿಟಾರನ್ನು ಬೆರಳಿನಲ್ಲೇ ನುಡಿಸುತ್ತಾನೆ. ತಂತಿ ಫ್ರೆಟ್ಟಿಗೆ ಬಡಿದು ಏಳುವ ಕಟಕಟ ಸದ್ದೇ ಆ ಕುದುರೆಯೋಟದ ಲಯ. ಬೇಸ್ ಗಿಟಾರೆಂದರೆ ಬರೀ ತಗ್ಗಿನ ಗುಡುಗು ಎಂದುಕೊಂಡ ಇಯರ್‌ಫೋನು ಇಲ್ಲಿ ಕುದುರೆಯನ್ನು ಎಮ್ಮೆ ಮಾಡುತ್ತದೆ. ಹಾರ್ಡ್ ರಾಕಿಗೆ ಎಸಿ/ಡಿಸಿಯ 'ಬ್ಯಾಕ್ ಇನ್ ಬ್ಲ್ಯಾಕ್', 1980. ಅದು ಸುಲಭದ ಪರೀಕ್ಷೆ. ಅದರಲ್ಲಿ ವಾದ್ಯಗಳ ನಡುವೆ ಎಷ್ಟು ಗಾಳಿಯಾಡುತ್ತದೆ ಎಂದರೆ ಕೆಟ್ಟ ಇಯರ್‌ಫೋನಿನಲ್ಲೂ ಪಾಸಾಗುತ್ತದೆ.

ನಮ್ಮವರನ್ನೂ ಹಾಕುತ್ತೇನೆ. ಬೆಂಗಳೂರಿನ ಕ್ರಿಪ್ಟೋಸ್, 1998ರಲ್ಲಿ ಶುರುವಾದ ತಂಡ. ಹಳೆಯ ಮಾದರಿಯ ಜೋಡಿ ಗಿಟಾರು. ಎಡಗಡೆಯದೊಂದು, ಬಲಗಡೆಯದೊಂದು ಎಂದು ಎರಡನ್ನೂ ಬೇರೆ ಬೇರೆ ಹಿಂಬಾಲಿಸಲು ಆಗುತ್ತದೆಯೇ ಎಂದು ನೋಡಲು. ಇನ್ನೊಂದು ಬೇವರ್‌ ಸೀ. ಇಂಗ್ಲಿಷಿನಲ್ಲಿ ಬರೆದಾಗ ಯಾವುದೋ ಸಮುದ್ರದ ಹೆಸರಿನಂತೆ ಕಾಣುತ್ತದೆ, ಓದಿದರೆ ನಮ್ಮ ಬೇವರ್ಸಿ. ಇಂಥ ತಮಾಷೆಗೆ ಮಾತ್ರವಲ್ಲ, ಆ ತಂಡದ ನಿಧಾನದ, ಅರಲಿನಂಥ ದಪ್ಪ ಗಿಟಾರಿಗಾಗಿಯೂ ಅದನ್ನು ಹಾಕುತ್ತೇನೆ. ಸ್ಲೇಯರ್ ಚೆನ್ನಾಗಿ ನುಡಿಸಿದ ತೆಳುದನಿಯ ಇಯರ್‌ಫೋನು ಇಲ್ಲಿ ಸೊರಗಬಹುದು. ವೇಗಕ್ಕೆ ಒಂದು ಕಿವಿ, ತೂಕಕ್ಕೆ ಒಂದು ಕಿವಿ. 'ಮೆಟಲ್ಲಿಗೆ ಬೆಸ್ಟು' ಎಂಬ ಏಕವಚನವೇ ತಪ್ಪು.

ಯಾವ ಇಯರ್‌ಫೋನಿನಿಂದಲೂ ಸರಿಹೋಗದ ಆಲ್ಬಮ್ಮುಗಳೂ ಇವೆ. ಮೆಟಾಲಿಕಾದ 1988ರ '...ಆ್ಯಂಡ್ ಜಸ್ಟಿಸ್ ಫಾರ್ ಆಲ್'ನಲ್ಲಿ ಜೇಸನ್ ನ್ಯೂಸ್ಟೆಡ್‌ನ ಬೇಸ್ ಗಿಟಾರು ಬಹುತೇಕ ಕೇಳುವುದೇ ಇಲ್ಲ. ಮಿಕ್ಸಿಂಗಿನಲ್ಲೇ ಅದನ್ನು ಅಡಗಿಸಿದರು. ಅದೇ ತಂಡದ 2008ರ 'ಡೆತ್ ಮ್ಯಾಗ್ನೆಟಿಕ್' ಇನ್ನೊಂದು ಕೊನೆ: ಎಲ್ಲವನ್ನೂ ಎಷ್ಟು ಜೋರಾಗಿ ಒತ್ತಿದ್ದಾರೆಂದರೆ ಅಲೆಯ ತಲೆಗಳೇ ಕತ್ತರಿಸಿಹೋಗಿ ಸದ್ದು ಒಡೆಯುತ್ತದೆ. ಗಿಟಾರ್ ಹೀರೋ ಎಂಬ ವಿಡಿಯೋ ಗೇಮಿನಲ್ಲಿ ಬಂದ ಅವೇ ಹಾಡುಗಳು ಅಷ್ಟು ಒತ್ತಿಲ್ಲದೆ ಸ್ವಚ್ಛವಾಗಿ ಕೇಳುತ್ತಿದ್ದವು. ಅಭಿಮಾನಿಗಳು ಎರಡನ್ನೂ ಪಕ್ಕಪಕ್ಕ ಇಟ್ಟು ಜಗಳ ತೆಗೆದರು. ಒಳ್ಳೆಯ ಇಯರ್‌ಫೋನು ಕೊಂಡ ಹುಡುಗ ಈ ಆಲ್ಬಮ್ ಹಾಕಿ 'ಸರ್, ಪೀಸ್ ಕೆಟ್ಟದು' ಎಂದು ವಾಪಸು ತಂದುಕೊಟ್ಟರೆ ಆಶ್ಚರ್ಯವಿಲ್ಲ. ಅಚ್ಚಿನ ತಪ್ಪಿಗೆ ಕನ್ನಡಕವನ್ನು ಬೈಯಬಾರದು.

ಗ್ರಾಫಿನ ಬಗ್ಗೆ ಒಂದು ಮಾತು, ಯಾಕೆಂದರೆ ಈಗ ಎಲ್ಲರೂ ಗ್ರಾಫ್ ನೋಡಿಯೇ ಕೊಳ್ಳುವುದು. ಸುಮಾರು ಎರಡೂವರೆ ಸೆಂಟಿಮೀಟರಿನ ನಮ್ಮ ಕಿವಿಯ ಕಾಲುವೆ ಕೊಳಲಿನಂತೆ ತಾನೇ ಅನುರಣಿಸುತ್ತದೆ, 3,000 ಹರ್ಟ್ಸ್‌ನ ಸುತ್ತಮುತ್ತಲಿನ ಸದ್ದನ್ನು ಎತ್ತಿಕೊಡುತ್ತದೆ. ಇಯರ್‌ಫೋನು ತುರುಕಿದ ಕೂಡಲೇ ಬಾಯಿ ಮುಚ್ಚಿದ ಕೊಳಲಾಗುವುದರಿಂದ ಆ ಎತ್ತರ ಮಾಯ. ಅದನ್ನು ಇಯರ್‌ಫೋನೇ ತುಂಬಿಕೊಡಬೇಕು. ಎಷ್ಟು ತುಂಬಬೇಕು ಎಂಬುದಕ್ಕೆ ಹರ್ಮನ್ ಕಂಪನಿಯ ಶಾನ್ ಆಲಿವ್ ಮತ್ತು ಸಂಗಡಿಗರು ಜನರಿಗೆ ಕೇಳಿಸಿ ಕೇಳಿಸಿ ಒಂದು ಗೆರೆ ಹಾಕಿದರು. ಅದೇ ಇವತ್ತಿನ ಹರ್ಮನ್ ಟಾರ್ಗೆಟ್. ಅದು ಒಳ್ಳೆಯ ಗೆರೆಯೇ. ಆದರೆ ಅದು ಅನೇಕರ ಮೆಚ್ಚುಗೆಯ ಸರಾಸರಿ. ದಿನವಿಡೀ ಒಡೆದ ಗಿಟಾರ್ ಕೇಳುವವನಿಗೆ ಆ 3,000ದ ಏರು ಕೆಲವೊಮ್ಮೆ ಕಿವಿಗೆ ಕೂಗಿದಂತಾಗುತ್ತದೆ. ನನಗೆ ಅದು ಒಂದೆರಡು ಡೆಸಿಬೆಲ್ ತಗ್ಗಿದರೆ ಹಿತ. 6,000–8,000ದ ಹತ್ತಿರ ಚೂಪು ಶಿಖರ ಕಂಡರೆ ಅದನ್ನು ಮುಟ್ಟುವುದೇ ಇಲ್ಲ. ಸಿಂಬಲ್ ಕಂಚಿನದೆಂದು ಮರೆತು ಗಾಜಿನಂತೆ ಒಡೆಯುತ್ತದೆ. ಇಷ್ಟಾದರೂ ರಬ್ಬರಿನ ತುದಿ ಕಿವಿಗೆ ಸರಿಯಾಗಿ ಕೂರದಿದ್ದರೆ ಬೇಸೆಲ್ಲ ಸೋರಿಹೋಗಿ ಗ್ರಾಫು ಸುಳ್ಳಾಗುತ್ತದೆ. ಇಯರ್‌ಫೋನ್ ಬದಲಿಸುವ ಮುಂಚೆ ತುದಿ ಬದಲಿಸಿ ನೋಡಿ ಎಂದು ಹುಡುಗರಿಗೆ ಹೇಳಿದರೆ ನಂಬುವುದಿಲ್ಲ, ಇಪ್ಪತ್ತು ರೂಪಾಯಿಯ ವಸ್ತು ನೋಡಿ.

ಇನ್ನು ಆ ಎರಡು ಡಬ್ಬಿಗಳಿಗೆ ಬರುತ್ತೇನೆ. ಇಯರ್‌ಫೋನಿನ ಒಳಗೆ ಸದ್ದು ಮಾಡುವ ಯಂತ್ರ ಮುಖ್ಯವಾಗಿ ಎರಡು ಬಗೆ. ಸ್ಪೀಕರಿನ ಮರಿಯಂತಿರುವ ಡೈನಮಿಕ್ ಡ್ರೈವರ್ ಒಂದು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಬ್ಯಾಲೆನ್ಸ್ಡ್ ಆರ್ಮೇಚರ್ ಇನ್ನೊಂದು. ಎರಡನೆಯದು ಬಂದದ್ದು ಕಿವಿ ಮಷಿನ್‌ನಿಂದ. ಕಿವಿ ಮಷಿನ್‌ಗಳಿಗೆ ಈ ಬಿಡಿಭಾಗ ಮಾಡುವ ನೋಲ್ಸ್ ಕಂಪನಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದ ಮೀಡ್ ಕಿಲಿಯನ್ 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಕಟ್ಟಿ, 1991ರಲ್ಲಿ ಇಆರ್-4 ಎಂಬ ಇಯರ್‌ಫೋನು ತಂದ. 1995ರಲ್ಲಿ ವ್ಯಾನ್ ಹೇಲನ್ ತಂಡದ ಸೌಂಡ್ ಇಂಜಿನಿಯರ್ ಜೆರ್ರಿ ಹಾರ್ವಿ, ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯೊಳಗಿನ ಮಾನಿಟರ್ ಮಾಡಲು ಹೋಗಿ ಅಲ್ಟಿಮೇಟ್ ಇಯರ್ಸ್ ಕಂಪನಿಯನ್ನೇ ಶುರುಮಾಡಿದ. ಹಾರ್ಡ್ ರಾಕಿನ ಸ್ಟೇಜಿನ ಗದ್ದಲದಿಂದ ಒಬ್ಬ ಡ್ರಮ್ಮರನ ಕಿವಿ ಉಳಿಸುವುದು ಅಲ್ಲಿನ ಕೆಲಸವಾಗಿತ್ತು. 'ಇದು ಮೆಟಲ್ಲಿಗೆ ಆಗುತ್ತದೆಯೇ' ಎಂದು ನಾವು ಕೇಳುವ ವಸ್ತು ಹುಟ್ಟಿದ್ದೇ ಅದರ ನೆರೆಮನೆಯಲ್ಲಿ, ಅದರಿಂದ ತಪ್ಪಿಸಿಕೊಳ್ಳಲಿಕ್ಕೆ.

ಅಪ್ಪನ ಕಿವಿ ಪರೀಕ್ಷೆಯ ಚೀಟಿಯನ್ನು ನಾನು ಮೊದಲು ನೋಡಿದಾಗ ಇಯರ್‌ಫೋನಿನ ಗ್ರಾಫನ್ನು ತಲೆಕೆಳಗೆ ನೋಡಿದ ಹಾಗಾಯಿತು. ತಗ್ಗಿನ ಸದ್ದುಗಳಲ್ಲಿ ಗೆರೆ ನೆಟ್ಟಗಿದೆ, 4,000 ಹರ್ಟ್ಸ್ ಹತ್ತಿರ ಬಾವಿಗೆ ಬಿದ್ದಿದೆ. ಗದ್ದಲದಲ್ಲಿ ಕೆಲಸ ಮಾಡಿದವರ ಕಿವಿ ಮೊದಲು ಸವೆಯುವುದು ಅಲ್ಲೇ. ಸ, ಶ, ಚ, ತ ಇಂಥ ಅಕ್ಷರಗಳ ಅಂಚು ಇರುವುದು ಆ ಮೇಲಿನ ಸೀಮೆಯಲ್ಲಿ. ಹಾಗಾಗಿ ಅವರಿಗೆ ನಾವು ಮಾತಾಡಿದ್ದು ಕೇಳುತ್ತದೆ, ಏನು ಮಾತಾಡಿದೆವೆಂದು ಕೇಳುವುದಿಲ್ಲ. ಡಾಕ್ಟರು ಕಿವಿ ಮಷಿನ್‌ನಲ್ಲಿ ಆ ಭಾಗವನ್ನು ಎತ್ತಿಕೊಟ್ಟರು. ಈಗ ಅಡುಗೆಮನೆಯ ಸ್ಟೀಲ್ ತಟ್ಟೆ ಬಿದ್ದರೆ ಅಪ್ಪ ಬೆಚ್ಚಿಬೀಳುತ್ತಾರೆ. ಅದಕ್ಕೇ ಆ ಡಬ್ಬಿ ಡ್ರಾದಲ್ಲಿ.

2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಮೆಟಾಲಿಕಾ ನುಡಿಸಿದಾಗ ನಾನೂ ಹೋಗಿದ್ದೆ. ರಾತ್ರಿ ರೈಲಿನಲ್ಲಿ ವಾಪಸು ಬರುವಾಗ ಕಿವಿಯಲ್ಲಿ ಒಂದು ಸಣ್ಣ ಸೀಟಿ. ಅದು ಎರಡು ದಿನ ನಿಲ್ಲಲಿಲ್ಲ. ಆಗ ಅದನ್ನು ಪದಕದಂತೆ ಹೇಳಿಕೊಂಡು ತಿರುಗಿದೆ. ಅಪ್ಪನ ಚೀಟಿ ನೋಡಿದ ಮೇಲೆ ಆ ಸೀಟಿ ಎಂಥದೆಂದು ಗೊತ್ತಾಯಿತು. ಅಪ್ಪನಿಗೆ ಆಯ್ಕೆ ಇರಲಿಲ್ಲ, ಅದು ಕೂಲಿಯ ಜೊತೆ ಬಂದದ್ದು. ನಾನು ದುಡ್ಡು ಕೊಟ್ಟು ತರುತ್ತಿದ್ದೆ.

ಹೀಗಾಗಿ ಇವತ್ತು ನನ್ನ ಪಟ್ಟಿಯಲ್ಲಿ ಮೊದಲ ಸ್ಥಾನ ಹೊರಗಿನ ಸದ್ದು ತಡೆಯುವ ಗುಣಕ್ಕೆ. ಅದು ಗ್ರಾಫಿನಲ್ಲಿ ಕಾಣುವುದಿಲ್ಲ, ವಿಮರ್ಶೆಗಳಲ್ಲಿ ಅರ್ಧ ಸಾಲು. ಪಿ.ಬಿ. ರಸ್ತೆಯ ಬಸ್ಸುಗಳ ಹಾರನ್ನಿನ ಮೇಲೆ ಗಿಟಾರು ಕೇಳಬೇಕೆಂದರೆ ವಾಲ್ಯೂಮು ಏರಿಸಲೇಬೇಕು. ಹೊರಗಿನದು ತಗ್ಗಿದರೆ ಒಳಗಿನದನ್ನೂ ತಗ್ಗಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ ಬರೀ 4 ಗಂಟೆ. ಹತ್ತು ಡೆಸಿಬೆಲ್ಲಿಗೆ ಮೂವತ್ತಾರು ಗಂಟೆ ಕೈಬಿಟ್ಟವು. ಕಿವಿಯಲ್ಲಿ ಹಿಗ್ಗಿ ಕೂರುವ ಫೋಮ್ ತುದಿ ಹಾಕಿದರೆ ಅಷ್ಟನ್ನು ಉಳಿಸುವುದು ಕಷ್ಟವಲ್ಲ. ಫೋಮು ಟ್ರೆಬಲ್ಲನ್ನು ತುಸು ಮಂಕು ಮಾಡುತ್ತದೆ ಎಂಬ ದೂರಿದೆ. ಮೆಟಲ್ಲಿನ ಸಿಂಬಲ್ಲಿಗೆ ಅದು ಲಾಭವೇ. ರಸ್ತೆ ದಾಟುವಾಗ ಮಾತ್ರ ಕಿತ್ತಿಟ್ಟುಕೊಳ್ಳಿ.

ಕಳೆದ ದೀಪಾವಳಿಯಲ್ಲಿ ಅಪ್ಪ ನನ್ನ ಪಕ್ಕ ಕೂತು ಫೋನಿನ ಪರದೆ ನೋಡುತ್ತಿದ್ದರು. ಐರನ್ ಮೇಡನ್ ಸ್ಟೇಜ್ ವಿಡಿಯೋ. 'ಅದ್ರಾಗ ಏನ್ ಐತಲೇ, ತಾ ಇಲ್ಲಿ' ಎಂದರು. ಅವರ ಕಿವಿಗೆ ನನ್ನ ಇಯರ್‌ಫೋನು ಕೂರಿಸಿ, ತುದಿ ಸರಿಮಾಡಿ, ವಾಲ್ಯೂಮು ಕಡಿಮೆಯಿಂದ ಮೇಲೆ ತಂದೆ. ಸ್ವಲ್ಪ ಹೊತ್ತು ತಲೆ ಅಲ್ಲಾಡಿಸಿದರು. 'ಡ್ರಮ್ಮು ಚಲೋ ಐತಿ' ಎಂದರು. ಆಮೇಲೆ ಪರದೆಯ ಮೇಲೆ ಬೆರಳಿಟ್ಟರು. 'ಇಂವ ಆ ತಟ್ಟೆ ಬಡೀತಾನಲ್ಲ, ಯಾಕ ಸಪ್ಪಳ ಇಲ್ಲ?'

ನಿಕೊ ಮೆಕ್‌ಬ್ರೇನ್ ಸಿಂಬಲ್ಲುಗಳ ಗುಡಾರದೊಳಗೆ ಕೂತು ಎರಡೂ ಕೈಯಲ್ಲಿ ಬಡಿಯುತ್ತಿದ್ದ. ನಾನು ಫೋನಿನ ಈಕ್ವಲೈಜರ್ ತೆಗೆದು 4,000ದಿಂದ ಮೇಲಿನ ಗೆರೆಗಳನ್ನು ಒಂದೊಂದೇ ಮೆಟ್ಟಿಲು ಎತ್ತಿದೆ. ಒಂದು, ಎರಡು, ಮೂರು, ಏನೂ ಇಲ್ಲ. ನಾಲ್ಕನೆಯ ಮೆಟ್ಟಿಲಿಗೆ ಅಪ್ಪನ ಮುಖ ಕಿವುಚಿತು. 'ಬಂತು ಬಂತು' ಎಂದರು. 'ಕಚ್ಚತೈತಿ, ಸಾಕು.' ತಾವೇ ಕಿತ್ತು ನನ್ನ ಅಂಗೈಗೆ ಹಾಕಿ, ರಿಮೋಟ್ ಎಲ್ಲೈತಿ ಎಂದು ಕೇಳಿದರು.